ಸೊಂಟದ ಪಿಸ್ತೂಲು ಯಾರನ್ನು ಕಾಯುತ್ತದೆ?

2015ರ ಮೇ 29, ಶುಕ್ರವಾರ. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಮಸೀದಿಯೊಂದರ ಹೊರಗೆ ಇಸ್ಲಾಂ ವಿರೋಧಿ ಪ್ರದರ್ಶನಕ್ಕೆ ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಅವರಲ್ಲಿ ಹಲವರು ಬಂದೂಕು ಹಿಡಿದೇ ಬಂದಿದ್ದರು. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಇರ್ವಿಂಗ್ ಮಸೀದಿಯ ಮುಂದೆಯೂ ಇಂಥದ್ದೇ ದೃಶ್ಯ. 2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಮಂದಿ ಹುತಾತ್ಮರಾದ ಮೇಲೆ ಅಮೆರಿಕದ ಮುಸ್ಲಿಮರ ನಡುವೆ ಒಂದು ಮಾತು ಜೋರಾಯಿತು: ನಾವೂ ಯಾಕೆ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಜುಮಾಕ್ಕೆ ಹೋಗಬಾರದು?

ಪ್ರಶ್ನೆ ಸಹಜವೇ. ಹೆದರಿದವನಿಗೆ ಬುದ್ಧಿ ಹೇಳುವುದು ಸುಲಭ, ಹೆದರಿಕೆ ಅನುಭವಿಸುವುದು ಕಷ್ಟ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. ಹೋಲ್‌ಸ್ಟರ್‌ನಲ್ಲಿ, ಅಂದರೆ ಒರೆಯಲ್ಲಿ ಇದ್ದರೆ ಎಲ್ಲರಿಗೂ ಕಾಣುವಂತೆಯೂ ಇಟ್ಟುಕೊಳ್ಳಬಹುದು. ಕಂಡರೆ ಕೆಟ್ಟವನು ಹೆದರಿ ದೂರ ಹೋಗುತ್ತಾನೆ ಎಂಬುದು ಇದರ ಪರ ಇರುವವರ ವಾದ. ನಡೆದ ಘಟನೆಗಳನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಕಾಣುವ ಪಿಸ್ತೂಲು ಕಳ್ಳನಿಗೂ ಕಾಣುತ್ತದೆ. 2014ರ ಅಕ್ಟೋಬರ್‌ನಲ್ಲಿ ಒರೆಗಾನ್ ರಾಜ್ಯದ ಗ್ರೆಶಮ್ ಎಂಬಲ್ಲಿ ಯುವಕನೊಬ್ಬ ಹೊಸದಾಗಿ ಕೊಂಡ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ರಾತ್ರಿ ಬೀದಿಯಲ್ಲಿದ್ದ. ಒಬ್ಬ ಬಂದು ಮಾತಿಗೆ ಇಳಿದ. ಆಮೇಲೆ ತನ್ನ ಬಂದೂಕು ತೋರಿಸಿ, ನಿನ್ನದು ಚೆನ್ನಾಗಿದೆ ಕೊಡು ಅಂದ. ಕೊಡದೆ ಬೇರೆ ದಾರಿ ಇರಲಿಲ್ಲ. ಪೊಲೀಸರಿಗೆ ತಮ್ಮ ಆಯುಧ ಕಿತ್ತುಕೊಳ್ಳದಂತೆ ಕಾಯುವ ತರಬೇತಿಯೇ ಬೇರೆ ಇರುತ್ತದೆ. ಸಾಮಾನ್ಯನಿಗೆ ಅದೆಲ್ಲಿ? ದಾಳಿ ಮಾಡಲು ತಯಾರಾಗಿ ಬಂದವನಿಗಂತೂ ಮೊದಲು ಯಾರಿಗೆ ಗುಂಡು ಹೊಡೆಯಬೇಕು ಎಂದು ಆ ಪಿಸ್ತೂಲೇ ತೋರಿಸಿಕೊಡುತ್ತದೆ.

ಎರಡನೆಯದು ಗೊಂದಲ. 2015ರ ಅಕ್ಟೋಬರ್ 31ರಂದು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ರೈಫಲ್ ಹಿಡಿದವನೊಬ್ಬನನ್ನು ಕಂಡ ಮಹಿಳೆ ತುರ್ತು ಸಂಖ್ಯೆಗೆ ಫೋನ್ ಮಾಡಿದರು. ಬಹಿರಂಗವಾಗಿ ಬಂದೂಕು ಒಯ್ಯಲು ಇಲ್ಲಿ ಕಾನೂನಿದೆ ಎಂದು ಆ ಕಡೆಯಿಂದ ತಿಳಿಸಲಾಯಿತು. ಕೆಲವೇ ನಿಮಿಷಗಳಲ್ಲಿ ಅವನು ಮೂವರನ್ನು ಕೊಂದ. ಇದಕ್ಕೆ ತದ್ವಿರುದ್ಧವಾದದ್ದು 2016ರ ಜುಲೈ 7ರಂದು ಡಲ್ಲಾಸ್‌ನಲ್ಲಿ ನಡೆಯಿತು. ಐವರು ಪೊಲೀಸರು ಗುಂಡಿಗೆ ಬಲಿಯಾದ ಆ ರಾತ್ರಿ, ಕಾನೂನುಬದ್ಧವಾಗಿ ರೈಫಲ್ ತಂದಿದ್ದ ಕಪ್ಪು ವರ್ಣೀಯನೊಬ್ಬನ ಫೋಟೋವನ್ನು ಶಂಕಿತ ಎಂದು ಪೊಲೀಸರೇ ಹಂಚಿದರು. ಅವನಿಗೂ ದಾಳಿಗೂ ಸಂಬಂಧವೇ ಇರಲಿಲ್ಲ. 2021ರಲ್ಲಿ ಕೊಲೊರಾಡೊದ ಅರ್ವಾಡಾದಲ್ಲಿ ದಾಳಿಕೋರನನ್ನು ಹೊಡೆದುರುಳಿಸಿದ ನಾಗರಿಕನ ಕೈಯಲ್ಲಿ ದಾಳಿಕೋರನ ರೈಫಲ್ ಕಂಡು, ಧಾವಿಸಿ ಬಂದ ಪೊಲೀಸ್ ಅಧಿಕಾರಿ ಅವನನ್ನೇ ಗುಂಡಿಟ್ಟು ಕೊಂದರು. ಹಾಗಾದರೆ ಗಡ್ಡ ಬಿಟ್ಟು, ಟೊಪ್ಪಿ ಹಾಕಿ, ಮಸೀದಿಯ ಬಾಗಿಲಲ್ಲಿ ಪಿಸ್ತೂಲು ಹಿಡಿದು ನಿಂತವನನ್ನು ಓಡಿ ಬಂದ ಪೊಲೀಸರು ಏನೆಂದು ತಿಳಿದಾರು? ಉತ್ತರ ನಿಮಗೇ ಬಿಟ್ಟದ್ದು.

ಮೂರನೆಯದು ಕೈತಪ್ಪು. ಚೇಂಬರಿನಲ್ಲಿ ಗುಂಡು ತುಂಬಿರುವ ಪಿಸ್ತೂಲಿಗೆ ಟ್ರಿಗರ್ ಒತ್ತಿದರೆ ಸಾಕು. ಈಗಿನ ಎಷ್ಟೋ ಪಿಸ್ತೂಲುಗಳಲ್ಲಿ ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಕೀಲಿಯೂ ಇಲ್ಲ. ಒರೆಗೆ ತುರುಕುವಾಗ ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿಕೊಂಡರೂ ಗುಂಡು ಹಾರಬಹುದು. 2014ರ ಡಿಸೆಂಬರ್‌ನಲ್ಲಿ ಇಡಾಹೊ ರಾಜ್ಯದ ಹೇಡನ್‌ನಲ್ಲಿ, ಅಂಗಡಿಯೊಂದರೊಳಗೆ ಎರಡು ವರ್ಷದ ಮಗುವಿನ ಕೈಗೆ ತಾಯಿಯ ಪರ್ಸಿನೊಳಗಿನ ಪಿಸ್ತೂಲು ಸಿಕ್ಕಿತು. ಗುಂಡು ತಾಯಿಯನ್ನೇ ಬಲಿ ಪಡೆಯಿತು. ಪರ್ಸಿನಲ್ಲಿ ಮುಚ್ಚಿಟ್ಟದ್ದೇ ಹೀಗಾದರೆ ಹೊರಗೆ ಕಾಣುವುದರ ಕಥೆ? ನಮಾಝಿನ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿ ನಿಲ್ಲುತ್ತೇವೆ. ಸುಜೂದ್‌ಗೆ ಹೋದಾಗ ಸೊಂಟದ ಒರೆ ಹಿಂದಿನವರ ಕೈಗೆಟಕುವಷ್ಟು ಹತ್ತಿರ. ಮಕ್ಕಳು ನಡುವೆ ನುಸುಳಿ ಓಡುತ್ತಿರುತ್ತಾರೆ.

ಈ ವಿಷಯದಲ್ಲಿ ನಮಗೆ ದಾರಿ ತೋರಿಸಲು ಹೊಸಬರು ಬೇಕಿಲ್ಲ. ಬಾಣಗಳನ್ನು ಹಿಡಿದು ಮಸೀದಿ ಅಥವಾ ಮಾರುಕಟ್ಟೆ ಹಾದುಹೋಗುವವನು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕು, ಯಾರಿಗೂ ಗಾಯವಾಗಬಾರದು ಎಂದು ಪ್ರವಾದಿ (ಸ.) ಕಲಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ತಮಾಷೆಗೂ ಸಹೋದರನತ್ತ ಆಯುಧ ತೋರಿಸಬಾರದು ಎಂಬ ಎಚ್ಚರಿಕೆಯೂ ಇದೆ. ಆಯುಧವೇ ಬೇಡ ಎಂದಿಲ್ಲ ನೋಡಿ. ಅದನ್ನು ಹಿಡಿದವನ ಮೇಲೆ ಪಕ್ಕದವನ ಜೀವದ ಜವಾಬ್ದಾರಿ ಇದೆ ಎಂದಿದೆ.

ನಮ್ಮ ದೇಶದ 2016ರ ಆಯುಧ ನಿಯಮಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಲೈಸೆನ್ಸ್ ಇದ್ದವನೂ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿಯೇ ಒಯ್ಯಬೇಕು, ಝಳಪಿಸುವಂತಿಲ್ಲ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಿಸ್ತೂಲು ಹಿಡಿದು ರೀಲ್ಸ್ ಮಾಡುವ ನಮ್ಮ ಹುಡುಗರಿಗೂ ಇದು ಗೊತ್ತಿರಲಿ.

ಅಮೆರಿಕದಲ್ಲಿ ಮಕ್ಕಳಿರುವ ಮನೆಯವರು ಇನ್ನೊಂದು ಮಾತು ತಿಳಿಸಬೇಕು. ಸ್ಟೂಡೆಂಟ್ ವೀಸಾ, ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಅಲ್ಲಿನ ಕೇಂದ್ರ ಕಾನೂನಿನಲ್ಲಿ ಗಂಭೀರ ಅಪರಾಧ. ರಾಜ್ಯದ ಕಾನೂನು ಎಷ್ಟು ಸಡಿಲವಿದ್ದರೂ ಅದು ಇವರನ್ನು ಕಾಪಾಡುವುದಿಲ್ಲ. ಗೆಳೆಯನ ಪಿಸ್ತೂಲನ್ನು ಸುಮ್ಮನೆ ಸೊಂಟಕ್ಕೆ ಸಿಕ್ಕಿಸಿಕೊಂಡರೂ ಓದು, ಕೆಲಸ ಎಲ್ಲವೂ ಹೋದೀತು.

ಹಾಗಾದರೆ ಮಸೀದಿಯನ್ನು ಕಾಯುವುದು ಬೇಡವೇ? ಖಂಡಿತ ಬೇಕು. ತರಬೇತಿ ಪಡೆದ, ಸಮವಸ್ತ್ರದ ಕಾವಲುಗಾರ, ಠಾಣೆಯೊಂದಿಗೆ ಮೊದಲೇ ಮಾತುಕತೆ, ಕ್ಯಾಮೆರಾ, ಗಟ್ಟಿ ಬಾಗಿಲು, ಹೊರಹೋಗುವ ದಾರಿಯ ಅಭ್ಯಾಸ, ಇವು ಜಮಾಅತ್ ಕೂಡಿ ಮಾಡಬೇಕಾದ ಕೆಲಸ. ಆರಾಧನಾಲಯಗಳ ಭದ್ರತೆಗೆ ಅಮೆರಿಕ ಸರಕಾರದ ಅನುದಾನ ಯೋಜನೆಯೂ ಇದೆ, ಮಸೀದಿಗಳೂ ಅರ್ಜಿ ಹಾಕಬಹುದು. ಒಬ್ಬೊಬ್ಬನೂ ತನ್ನ ಸೊಂಟದಲ್ಲಿ ತನ್ನ ಹೆದರಿಕೆಯನ್ನು ಕಟ್ಟಿಕೊಂಡು ಬಂದರೆ ಸಫ್‌ನಲ್ಲಿ ಹೆಚ್ಚುವುದು ಹೆದರಿಕೆಯೇ ಹೊರತು ರಕ್ಷಣೆಯಲ್ಲ.