ಎರಡು ಬಗೆಯ ಅಡಿಗೆಯ ಉಪಾಹಾರ ಗೃಹಗಳ ವಿಷಯವಾಗಿ

ಪರದೇಶಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ಬರುವ ಕಾಗದಗಳಲ್ಲಿ ಊಟದ ಮಾತಿಲ್ಲದ ಕಾಗದವು ಅಪರೂಪ. ಅವರಲ್ಲೊಬ್ಬಳು ಅಮೇರಿಕದ ಪಶ್ಚಿಮ ತೀರದಲ್ಲಿ, ಸಾನ್ ಫ್ರಾನ್ಸಿಸ್ಕೋ ಪಟ್ಟಣಕ್ಕೆ ಸಮೀಪವಾಗಿ ವಾಸಿಸುತ್ತಾಳೆ. ಪ್ರತಿ ಸಂಜೆಯೂ ಆಕೆಗೆ ಎರಡು ಅಡಿಗೆ: ಊರಿನಿಂದ ಬಂದಿರುವ ಅತ್ತೆ ಮಾವಂದಿರಿಗೆ ಅನ್ನ, ಸಾರು, ಪಲ್ಯ, ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಪಿಜ್ಜಾ ಇಲ್ಲವೆ ಅಂಥಾದ್ದೇ ಇನ್ನೊಂದು. ಒಂದು ಶನಿವಾರ ಆಯಾಸವನ್ನು ತಾಳಲಾರದೆ, ಪಿಜ್ಜಾವೂ ಹಿಂದೂಸ್ಥಾನದ ಅಡಿಗೆಯೂ ಎರಡೂ ದೊರೆಯುವ ಒಂದು ಸಾಧಾರಣ ಉಪಾಹಾರ ಗೃಹಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದಳಂತೆ. ಎಲ್ಲರೂ ತೃಪ್ತಿಯಾಗಿ ಉಂಡರು. ಆದರೆ ಈ ಸಂಗತಿಯನ್ನು ಊರಿನಲ್ಲಿರುವ ತನ್ನ ತಾಯಿಗೆ ದೂರವಾಣಿಯಲ್ಲಿ ತಿಳಿಸಿದಾಗ, “ಹಿರಿಯರಿಗೆ ಇಂಥಾದ್ದನ್ನು ಉಣ್ಣಿಸಿದೆಯಾ? ಅದು ಅವರದ್ದೂ ಅಲ್ಲ, ನಮ್ಮದೂ ಅಲ್ಲ” ಎಂಬ ಉತ್ತರ ಬಂತು. ತಾನು ತಪ್ಪು ಮಾಡಿದೆನೋ ಎಂದು ಆಕೆಯು ನಮ್ಮನ್ನು ಕೇಳಿದ್ದಾಳೆ.

ತಪ್ಪು ಮಾಡಲಿಲ್ಲವೆಂಬದೇ ನಮ್ಮ ಅಭಿಪ್ರಾಯ. ಅದನ್ನು ಈ ಸಂಚಿಕೆಯಲ್ಲಿಯೇ ಹೇಳಬೇಕೆಂದು ತೋರಿತು. ಯಾತಕ್ಕಂದರೆ ಆ ತಾಯಿಯಂತೆ ಯೋಚಿಸುವ ಹೆತ್ತವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ.

ಇಂಥ ಉಪಾಹಾರ ಗೃಹಗಳು ಹೇಗೆ ಹುಟ್ಟಿದವೆಂಬದನ್ನು ಮೊದಲು ತಿಳಿಯುವದು ಒಳ್ಳೇದು. ಸಾನ್ ಫ್ರಾನ್ಸಿಸ್ಕೋದ ಮಿಶನ್ ಬೀದಿಯಲ್ಲಿ (ಈ ಹೆಸರು ಸ್ಪೇನ್ ದೇಶದ ಪಾದ್ರಿಗಳು 1776ರಲ್ಲಿ ಅಲ್ಲಿ ಸ್ಥಾಪಿಸಿದ ಮಿಶನ್ನಿನಿಂದ ಬಂದದ್ದು, ನಮ್ಮದಕ್ಕೂ ಅದಕ್ಕೂ ಸಂಬಂಧವಿಲ್ಲ) ಜಾಂಟೆ ಎಂಬ ಪಿಜ್ಜಾ ಅಂಗಡಿಯೊಂದಿತ್ತು. 1986ರಲ್ಲಿ ಭಾರತೀಯರಾದ ದಲ್ವಿಂದರ್ ಮುಲ್ತಾನಿಯವರು ಅದನ್ನು ಕೊಂಡುಕೊಂಡರು. ನ್ಯೂಯಾರ್ಕಿನಲ್ಲಿ ಪಿಜ್ಜಾ ಮಾಡುವ ಕಸಬನ್ನು ಕಲಿತಿದ್ದ ಅವರು ಇಟಲಿಯ ಪಿಜ್ಜಾವನ್ನು ಕೈಬಿಡದೆ, ಅದರ ಪಕ್ಕದಲ್ಲಿ ನಮ್ಮ ದೇಶದ ಅಡಿಗೆಯನ್ನಿಟ್ಟರು. ಬಳಿಕ ಎರಡನ್ನೂ ಕೂಡಿಸಿದರು. ಟೊಮೇಟೋ ರಸವನ್ನು ಸವರುವಲ್ಲಿ ಮಸಾಲೆ ಬೆರೆಸಿದ ಪಾಲಕ್ ಸೊಪ್ಪು. ಮೇಲೆ ಹೂಕೋಸು, ಬದನೆ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ. ಮಾಂಸ ತಿನ್ನುವವರಿಗೆ ತಂದೂರಿ ಕೋಳಿ. ಆ ಪ್ರಾಂತದಲ್ಲಿ ಇದು ಬಹು ಬೇಗ ರೂಢಿಗೆ ಬಂತು, ಹಾಗೂ ಅದೇ ಮಾದರಿಯ ಅಂಗಡಿಗಳು ಸುತ್ತಲಿನ ಊರುಗಳಲ್ಲಿಯೂ ಎದ್ದವು.

“ಅವರದ್ದೂ ಅಲ್ಲ, ನಮ್ಮದೂ ಅಲ್ಲ” ಎಂಬ ಮಾತಿಗೆ ಈಗ ಬರೋಣ. ನಮ್ಮದು ಎಂಬದು ಯಾವದು? ಸಾರಿಗೆ ಹಾಕುವ ಬ್ಯಾಡಗಿ ಮೆಣಸಿನಕಾಯಿಯ ಕುಲವು ಅಮೇರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಅದಕ್ಕೆ ಮುಂಚೆ ನಮ್ಮ ಪೂರ್ವಿಕರಿಗೆ ಖಾರವೆಂದರೆ ಕರಿಮೆಣಸೇ. ಕರಾವಳಿಯವರು ಬಟಾಟೆಯೆಂದು ಕರೆಯುವಾಗ ಪೋರ್ಚುಗೀಸ್ ಮಾತನ್ನೇ ಆಡುತ್ತಾರೆ. ಟೊಮೇಟೋ ಹಣ್ಣು ಸಹ ಅಮೇರಿಕದ್ದೇ, ನಮ್ಮ ಅಡಿಗೆ ಮನೆಗೂ ಇಟಲಿಯ ಅಡಿಗೆ ಮನೆಗೂ ಅದು ಪರದೇಶಿ. ನೇಪಲ್ಸ್ ನಗರದ ಪಿಜ್ಜಾ ಮಾಡುವ ಕಲೆಯನ್ನು ವಿಶ್ವಸಂಸ್ಥೆಯ ಯುನೆಸ್ಕೋ 2017ರಲ್ಲಿ ಮನುಷ್ಯಕುಲದ ಪರಂಪರೆಯೆಂದು ಅಂಗೀಕರಿಸಿತು. ಹೊರಗಿನಿಂದ ಬಂದ ಹಣ್ಣನ್ನು ಮೆತ್ತಿಕೊಂಡ ರೊಟ್ಟಿಯು ನೇಪಲ್ಸಿನವರ ಸ್ವಂತದ್ದಾಗಬಹುದಾದರೆ, ಪಾಲಕ್ ಸೊಪ್ಪನ್ನು ಮೆತ್ತಿಕೊಂಡದ್ದು ಇನ್ನೊಬ್ಬರ ಸ್ವಂತದ್ದಾಗಬಾರದೇ?

ಅದೇ ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ಹಳೆಯದಾದ ಒಂದು ಉದಾಹರಣೆ ಉಂಟು, ಅದನ್ನು ನಮ್ಮ ಹುಡುಗಿಯರು ತಿಳಿದಿರಬೇಕು. ಇಪ್ಪತ್ತನೇ ಶತಮಾನದ ಆದಿಯಲ್ಲಿ ಪಂಜಾಬಿನ ರೈತರು ಅಲ್ಲಿಗೆ ಕೂಲಿಗೆಂದು ಹೋದರು. 1917ರ ಕಾಯಿದೆಯು ಏಷ್ಯದವರಿಗೆ ಬಾಗಿಲು ಮುಚ್ಚಿದ್ದರಿಂದ ಊರಿನಿಂದ ಹೆಂಡತಿಯರನ್ನು ಕರೆಯಿಸುವದು ಅವರಿಗೆ ಸಾಧ್ಯವಾಗಲಿಲ್ಲ. ಬಿಳಿಯ ಸ್ತ್ರೀಯರನ್ನು ಮದುವೆಯಾಗುವದನ್ನು ಆ ಸಂಸ್ಥಾನದ ಕಾನೂನು ತಡೆಯಿತು. ಆದಕಾರಣ ನೂರಾರು ಮಂದಿ ಮೆಕ್ಸಿಕೋ ಮೂಲದ ಸ್ತ್ರೀಯರನ್ನು ಮದುವೆಯಾದರು. ಆ ಮನೆಗಳ ಒಲೆಯ ಮುಂದೆ ನಿಂತ ಹೆಣ್ಣುಮಕ್ಕಳು ಗಂಡನ ರೊಟ್ಟಿಯನ್ನು ಕಲಿತರು, ತಮ್ಮ ತೋರ್ತಿಯಾವನ್ನೂ ಮರೆಯಲಿಲ್ಲ. ಎರಡೂ ಹೆಂಚಿನ ಮೇಲೆ ಬೇಯುವವೇ. ಯೂಬಾ ಸಿಟಿ ಎಂಬ ಊರಿನಲ್ಲಿ ರಸೂಲ್ ಮನೆತನದವರು 1954ರಲ್ಲಿ ಎಲ್ ರಾಂಚೆರೋ ಎಂಬ ಹೋಟೆಲನ್ನು ತೆರೆದು, ರೊಟ್ಟಿಯ ಮಡಿಕೆಯಲ್ಲಿ ಗಿಣ್ಣನ್ನೂ ಮಾಂಸವನ್ನೂ ಇಟ್ಟು ಬಡಿಸಿದರು. 1993ರ ತನಕ ಅದು ನಡೆಯಿತು. ಹೋಟೆಲಿನ ಪಟ್ಟಿಯಲ್ಲಿ ಕಾಣಿಸಿದ್ದು ಬಹಳ ಹಿಂದೆಯೇ ತಾಯಂದಿರ ಅಡಿಗೆ ಮನೆಯಲ್ಲಿ ಆಗಿಹೋಗಿತ್ತು. ಅವರಿಗೆ “ನಿಮ್ಮದು ಯಾವ ದೇಶದ ಅಡಿಗೆ?” ಎಂದು ಕೇಳುವ ಧೈರ್ಯ ನಮಗಿಲ್ಲ.

ಇನ್ನು ನಮ್ಮ ದೇಶ. 1996ರಲ್ಲಿ ಪಿಜ್ಜಾ ಹಟ್ ಕಂಪೆನಿಯವರು ಬೆಂಗಳೂರಿನಲ್ಲಿ ಭಾರತದ ತಮ್ಮ ಮೊದಲಿನ ಅಂಗಡಿಯನ್ನು ತೆರೆದರು. ಇಡ್ಲಿ ದೋಸೆಯ ಕಾಲವು ಮುಗಿಯಿತೆಂದು ಆಗ್ಗೆ ಭಯಪಟ್ಟವರಲ್ಲಿ ನಾವೂ ಇದ್ದೆವು. ಸಂಭವಿಸಿದ್ದು ಬೇರೆ: ಪಿಜ್ಜಾ ಕಂಪೆನಿಗಳೇ ಪನೀರು ಮಸಾಲೆಗಳಿಗೆ ಶರಣಾದವು, ದೋಸೆಯ ಹೋಟೆಲುಗಳಲ್ಲಿ ಕೆಲವು ತಮ್ಮ ಪಟ್ಟಿಯಲ್ಲಿ ಪಿಜ್ಜಾವನ್ನು ಸೇರಿಸಿಕೊಂಡು ದೋಸೆಯನ್ನೂ ಹುಯ್ಯುತ್ತಾ ಇವೆ.

ಹೀಗೆಂದು ಇಂಥ ಉಪಾಹಾರ ಗೃಹಗಳ ಮೇಲೆ ನಮಗೆ ಆಕ್ಷೇಪವೇ ಇಲ್ಲವೆಂದು ತಿಳಿಯಬಾರದು. ಮೈದಾ, ಗಿಣ್ಣು, ಉಪ್ಪು ಮಿತಿಮೀರಿರುವ ಊಟವು ದಿನದಿನದ್ದಾಗಬಾರದು. ಒಂದೇ ಒಲೆಯಲ್ಲಿ ಕೋಳಿಯ ಪಿಜ್ಜಾವನ್ನೂ ತರಕಾರಿಯದನ್ನೂ ಬೇಯಿಸಿ ಒಂದೇ ಕತ್ತಿಯಿಂದ ಕೊಯ್ದರೆ, ಮಾಂಸ ಮುಟ್ಟದ ಅತ್ತೆಯವರಿಗೆ ಅದು ಮೋಸವೇ. ಆದುದರಿಂದ ಹೋಗುವವರು ನಾಚಿಕೆಪಡದೆ ಮೊದಲೇ ವಿಚಾರಿಸಬೇಕು. ಮತ್ತೊಂದು ಮಾತು: ಪರದೇಶದ ಈ ಪಟ್ಟಿಗಳಲ್ಲಿ ಬಹುಮಟ್ಟಿಗೆ ಹಿಂದೂಸ್ಥಾನವೆಂಬದು ಪಂಜಾಬಿನಲ್ಲಿ ಆರಂಭವಾಗಿ ದಿಲ್ಲಿಯಲ್ಲಿ ಮುಗಿಯುತ್ತದೆ. ನೀರುದೋಸೆಗೂ ಬಸ್ಸಾರಿಗೂ ಅಲ್ಲಿ ಎಡೆಯಿಲ್ಲ. ಈ ಕೊರತೆಯನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಾದರೂ ತೀರಿಸುವದಾದರೆ ಸಂತೋಷ.

ನಮ್ಮ ಬೋರ್ಡಿಂಗಿನಲ್ಲಿ ಉಂಡವರಿಗೆ ಇದೆಲ್ಲಾ ಹೊಸದಲ್ಲ. ಮೀನಿಲ್ಲದೆ ಅನ್ನ ಮುಟ್ಟದ ಕರಾವಳಿಯ ಹುಡುಗಿಯೂ ಮುದ್ದೆಯನ್ನು ನೆನಸಿ ಅಳುತ್ತಿದ್ದ ಮೈಸೂರು ಸೀಮೆಯ ಹುಡುಗಿಯೂ ಒಂದೇ ಹಲಗೆಯ ಮೇಜಿಗೆ ಕೂತರು. ಮೊದಲನೆಯ ತಿಂಗಳು ಒಬ್ಬರ ತಟ್ಟೆಯನ್ನು ನೋಡಿ ಇನ್ನೊಬ್ಬರು ಮೂಗು ಮುಚ್ಚಿಕೊಳ್ಳುವದು. ದಸರಾ ರಜೆಯೊಳಗೆ ತುತ್ತುಗಳ ವಿನಿಮಯ. ಊಟ ಯಾವ ಸೀಮೆಯದೆಂಬದಕ್ಕಿಂತ ಮೇಜಿಗೆ ಯಾರೆಲ್ಲಾ ಕೂತಿದ್ದಾರೆ, ಯಾರು ಇನ್ನೂ ಒಲೆಯ ಮುಂದೆಯೇ ನಿಂತಿದ್ದಾರೆ ಎಂದು ನೋಡುವ ಅಭ್ಯಾಸ ನಮಗೆ ಅಲ್ಲಿಂದ ಬಂತು. ಪ್ರತಿ ಸಂಜೆ ಎರಡು ಅಡಿಗೆ ಮಾಡಿ, ಎರಡೂ ಸರದಿಗೆ ಬಡಿಸಿ, ಕೊನೆಗೆ ಒಬ್ಬಳೇ ಕೂತು ಆರಿದ್ದನ್ನು ಉಣ್ಣುವ ಮಗಳ ಸ್ಥಿತಿಯು, ಆಕೆ ತಿನ್ನಿಸಿದ ಪಿಜ್ಜಾಕ್ಕಿಂತ ತಾಯಿಗೆ ಹೆಚ್ಚು ಚಿಂತೆಯನ್ನುಂಟುಮಾಡಬೇಕಾಗಿತ್ತು.

ಆಕೆಗೆ ಹೀಗೆ ಬರೆದೆವು: ಹದಿನೈದು ದಿನಕ್ಕೊಮ್ಮೆ ಎಲ್ಲರನ್ನೂ ಕರೆದುಕೊಂಡು ಹೋಗು, ಮಿಕ್ಕ ದಿನಗಳಲ್ಲಿ ಒಂದೇ ಅಡಿಗೆ ಮಾಡು, ಎರಡನೆಯದು ಬೇಕೆನ್ನುವವರಿಗೆ, ಗಂಡನಾಗಲಿ ಮಕ್ಕಳಾಗಲಿ, ಒಲೆಯನ್ನು ಬಿಟ್ಟುಕೊಡು. ಮರುಟಪ್ಪಾಲಿನಲ್ಲಿ ಉತ್ತರ ಬಂತು. ಮಗನು ರೊಟ್ಟಿ ತಟ್ಟುವದನ್ನು ಅಜ್ಜಿಯಿಂದ ಕಲಿಯುತ್ತಿದ್ದಾನೆ. ಅತ್ತೆಯವರು ಎರಡನೆಯ ಸಲ ಹೋದಾಗ ಪಾಲಕ್ ಸೊಪ್ಪಿನ ಪಿಜ್ಜಾವನ್ನು ತಾವಾಗಿಯೇ ಕೇಳಿ ತರಿಸಿಕೊಂಡರಂತೆ, ಕೈಚೀಲದಿಂದ ಮಾವಿನ ಮಿಡಿಯ ಉಪ್ಪಿನಕಾಯಿಯನ್ನೂ ಹೊರಗೆ ತೆಗೆದರಂತೆ.