ಒಲೆಯ ಹೊಗೆ, ಬಾಣಲೆಯ ಎಣ್ಣೆ, ಮಗುವಿನ ಉಸಿರು

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಮಕ್ಕಳ ಉಬ್ಬಸದ ಚಿಂತೆಯೂ ಶುರುವಾಗುತ್ತದೆ. ಕಾರಣವೇನೆಂದು ಕೇಳಿದರೆ ಥಂಡಿ, ಧೂಳು, ಗೋಡೆಯ ಬೂಷ್ಟು, ಒಲೆಯ ಹೊಗೆ ಎಂಬ ಉತ್ತರ ಬರುತ್ತದೆ. ಇವೆಲ್ಲವೂ ನಿಜವೇ. ಆದರೆ ಕಳೆದ ಮೂರು ದಶಕಗಳಿಂದ ವೈದ್ಯವಿಜ್ಞಾನವು ಇನ್ನೊಂದು ಪ್ರಶ್ನೆಯನ್ನೂ ಎತ್ತಿದೆ: ಮಗು ಉಸಿರಾಡುವ ಗಾಳಿಯಂತೆಯೇ ಅದು ಉಣ್ಣುವ ಎಣ್ಣೆ, ಕೊಬ್ಬುಗಳಿಗೂ ಆಸ್ತಮಾಕ್ಕೂ ನಂಟಿದೆಯೇ? ಕಾಡು, ನೀರು, ಗಾಳಿಗಳ ಕುರಿತು ಮಾತನಾಡುವ ನಾವು ಇದನ್ನು ವೈದ್ಯರ ಪಾಲಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ಅಡುಗೆಮನೆಯೂ ಪರಿಸರದ ಒಂದು ಭಾಗವೇ.

ಬೆಂಗಳೂರಿನ ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಸುಮಾರು 20,000 ಮಕ್ಕಳನ್ನು ಆಧರಿಸಿ ಪ್ರಕಟಿಸಿದ ಲೆಕ್ಕ ಎಲ್ಲರಿಗೂ ತಿಳಿದಿರಬೇಕಾದದ್ದು. 1979ರಲ್ಲಿ ಆ ಮಕ್ಕಳ ಪೈಕಿ ಆಸ್ತಮಾ ಇದ್ದವರು ಶೇ. 9. 1999ರ ಹೊತ್ತಿಗೆ ಅದು ಶೇ. 29.5ಕ್ಕೆ ಏರಿತು. ಇವು ಆಸ್ಪತ್ರೆಗೆ ಬಂದವರ ಲೆಕ್ಕಗಳೇ ಹೊರತು ನಾಡಿನ ಎಲ್ಲ ಮಕ್ಕಳದ್ದಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ಮನುಷ್ಯನ ವಂಶವಾಹಿಗಳು ಬದಲಾಗುವುದಿಲ್ಲ; ಬದಲಾದದ್ದು ಸುತ್ತಲಿನ ಬದುಕು. ಆ ಅವಧಿಯಲ್ಲಿ ವಾಹನಗಳ ಹೊಗೆ ದಟ್ಟವಾಯಿತು. ಗಾಣದ ಎಣ್ಣೆ ಹಿಂದೆ ಸರಿದು ಪ್ಯಾಕೆಟ್ಟಿನ ಎಣ್ಣೆ ಮನೆ ಹೊಕ್ಕಿತು. ಎರಡು ಸಂಗತಿಗಳು ಒಟ್ಟಿಗೆ ಬೆಳೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸಲಾಗದು. ಆದರೆ ವಿಚಾರಿಸಿ ನೋಡಲು ಇಷ್ಟು ಸಾಕು.

ನಂಟಿನ ಬಗೆ ಹೀಗಿದೆ. ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಲ್ಲಿ ಲಿನೋಲಿಕ್ ಆಮ್ಲವೆಂಬ ಒಮೆಗಾ-6 ಕೊಬ್ಬು ಹೇರಳವಾಗಿದೆ. ದೇಹವು ಇದರಿಂದ ಅರಾಕಿಡೋನಿಕ್ ಆಮ್ಲವನ್ನು ತಯಾರಿಸಬಲ್ಲದು. ಅದರಿಂದ ಹುಟ್ಟುವ ಲ್ಯುಕೋಟ್ರೀನ್‌ಗಳು ಶ್ವಾಸನಾಳವನ್ನು ಬಿಗಿದು, ಊತ ತಂದು, ಕಫ ಹೆಚ್ಚಿಸುತ್ತವೆ. ಆಸ್ತಮಾದ ಮಕ್ಕಳಿಗೆ ವೈದ್ಯರು ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತಡೆಯುವುದು ಈ ಲ್ಯುಕೋಟ್ರೀನ್‌ಗಳ ಕೆಲಸವನ್ನೇ. ಮೀನು, ಅಗಸೆಗಳಲ್ಲಿರುವ ಒಮೆಗಾ-3 ಕೊಬ್ಬು ಅದೇ ಕಿಣ್ವಗಳಿಗಾಗಿ ಒಮೆಗಾ-6ರೊಡನೆ ಪೈಪೋಟಿ ನಡೆಸುತ್ತದೆ. ಅದರಿಂದ ಹುಟ್ಟುವ ವಸ್ತುಗಳು ಅಷ್ಟು ಉಗ್ರವಲ್ಲ. ಆದ್ದರಿಂದ ಎರಡರ ನಡುವಿನ ತೂಕ ತಪ್ಪಿದರೆ ಉಸಿರಿಗೆ ತೊಂದರೆಯಾದೀತು ಎಂದು 1997ರಲ್ಲಿ ನ್ಯೂಜಿಲೆಂಡಿನ ಬ್ಲ್ಯಾಕ್ ಮತ್ತು ಶಾರ್ಪ್ ಎಂಬ ಸಂಶೋಧಕರು ವಾದ ಮಂಡಿಸಿದರು.

ಈ ವಾದಕ್ಕೆ ಬೆಂಬಲವೂ ದೊರೆಯಿತು. ಎಣ್ಣೆಯಂಶವುಳ್ಳ ತಾಜಾ ಮೀನು ತಿನ್ನುವ ಮಕ್ಕಳಲ್ಲಿ ಆಸ್ತಮಾ ಕಡಿಮೆಯೆಂದು 1996ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಅಧ್ಯಯನವೊಂದು ಹೇಳಿತು. ಯೂರೋಪಿನ ಹತ್ತು ದೇಶಗಳನ್ನು ಹೋಲಿಸಿದ 1999ರ ಅಧ್ಯಯನದಲ್ಲಿ, ವನಸ್ಪತಿಯಂಥ ಪದಾರ್ಥಗಳಲ್ಲಿರುವ ಟ್ರಾನ್ಸ್ ಕೊಬ್ಬನ್ನು ಹೆಚ್ಚು ತಿನ್ನುವ ದೇಶಗಳಲ್ಲಿ 13-14ರ ಪ್ರಾಯದ ಮಕ್ಕಳ ಆಸ್ತಮಾವೂ ಹೆಚ್ಚಿತ್ತು. 2001ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಎರಡು ಪಟ್ಟಣಗಳ ಪುಟ್ಟ ಮಕ್ಕಳ ಅಧ್ಯಯನದಲ್ಲಿ ಬಹು-ಅಪರ್ಯಾಪ್ತ ಕೊಬ್ಬನ್ನು ಹೆಚ್ಚು ತಿನ್ನುವವರಿಗೆ ಆಸ್ತಮಾದ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಬಂತು.

ಆದರೆ ಇಂಥ ಅಧ್ಯಯನಗಳು ತೋರಿಸುವುದು ಜೊತೆಗಿರುವಿಕೆಯನ್ನು ಮಾತ್ರ. ಕಾರಣವನ್ನು ತಿಳಿಯಬೇಕಾದರೆ ಪ್ರಯೋಗವೇ ಬೇಕು. ಸಿಡ್ನಿಯಲ್ಲಿ ಆಸ್ತಮಾದ ಸಂಭವ ಹೆಚ್ಚಿದ್ದ ಕುಟುಂಬಗಳ 616 ಮಕ್ಕಳನ್ನು ಆಯ್ದು, ಅರ್ಧದಷ್ಟು ಮಕ್ಕಳಿಗೆ ಎಳವೆಯಿಂದಲೇ ಮೀನೆಣ್ಣೆಯನ್ನೂ ಒಮೆಗಾ-6 ಕಡಿಮೆಯಿರುವ ಅಡುಗೆ ಎಣ್ಣೆಯನ್ನೂ ಕೊಡಲಾಯಿತು. ಐದನೆಯ ವಯಸ್ಸಿನಲ್ಲಿ ನೋಡಿದಾಗ ಆಸ್ತಮಾದಲ್ಲಿ ವ್ಯತ್ಯಾಸವಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಡೆನ್ಮಾರ್ಕಿನಲ್ಲಿ 736 ಗರ್ಭಿಣಿಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂತು. ಕೊನೆಯ ಮೂರು ತಿಂಗಳು ಮೀನೆಣ್ಣೆ ಸೇವಿಸಿದ ತಾಯಂದಿರ ಮಕ್ಕಳಲ್ಲಿ ಸತತ ಉಬ್ಬಸ ಅಥವಾ ಆಸ್ತಮಾ ಶೇ. 16.9, ಸೇವಿಸದವರ ಮಕ್ಕಳಲ್ಲಿ ಶೇ. 23.7. ಮೊದಲೇ ಒಮೆಗಾ-3ರ ಕೊರತೆಯಿದ್ದ ತಾಯಂದಿರಿಗೆ ಲಾಭ ಹೆಚ್ಚು. ಎಂದರೆ, ಕೊಬ್ಬಿನ ಪ್ರಭಾವವೆಂಬುದು ಇದ್ದರೆ ಅದು ಬಹುಶಃ ತಾಯಿಯ ಗರ್ಭದಲ್ಲಿಯೇ, ಅದರಲ್ಲೂ ಕೊರತೆಯಿರುವಲ್ಲಿ, ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿಂದ ಮುಂದೆ ನಮ್ಮ ವಿವೇಕದ ಪರೀಕ್ಷೆ. 'ಹಳೆಯದೆಲ್ಲ ಅಮೃತ, ಪ್ಯಾಕೆಟ್ಟಿನದೆಲ್ಲ ವಿಷ' ಎಂಬ ಘೋಷಣೆ ಕೇಳಲು ಇಂಪಾಗಿದೆ. ಆದರೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಹುಚ್ಚೆಳ್ಳಿನ ಎಣ್ಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ ಲಿನೋಲಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಅದು ತೀರಾ ಕಡಿಮೆ. ಮುರುಗಲು ತುಪ್ಪದಲ್ಲಿರುವುದು ಬಹುಪಾಲು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳು. ಆದರೆ ಇವುಗಳನ್ನು ತಿಂದರೆ ಉಬ್ಬಸ ವಾಸಿಯಾಗುತ್ತದೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಕಾಡಿನ ಮುರುಗಲನ್ನೂ ಉಪ್ಪಾಗೆಯನ್ನೂ ಉಳಿಸಿಕೊಳ್ಳಲು ನಮಗೆ ಬೇರೆ ನೂರು ಕಾರಣಗಳಿವೆ. ಅದಕ್ಕಾಗಿ ಸುಳ್ಳು ಔಷಧದ ಹೆಸರು ಬೇಕಿಲ್ಲ. ಅದೇ ಅಜ್ಜಿಯ ಅಡುಗೆಮನೆಯಲ್ಲಿ ಕಣ್ಣು ಬಿಡಲಾಗದಷ್ಟು ಹೊಗೆಯೂ ಇತ್ತೆಂಬುದನ್ನು ಮರೆಯಬಾರದು. ಹಸಿ ಸೌದೆಯ ಹೊಗೆ ಮಗುವಿನ ಶ್ವಾಸಕೋಶಕ್ಕೆ ಹಾನಿಯೆಂಬ ವಿಷಯದಲ್ಲಿ ಎಣ್ಣೆಯ ವಿಷಯದಲ್ಲಿರುವಂಥ ಸಂದೇಹವಿಲ್ಲ. ಆದ್ದರಿಂದ ಮೊದಲು ಹೊಗೆ, ಆಮೇಲೆ ಎಣ್ಣೆ.

ಎಣ್ಣೆಯ ವಿಷಯದಲ್ಲೂ ಕ್ರಮವೊಂದಿದೆ. ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕೆಂಬುದು ಸಿದ್ಧವಾದ ಸಂಗತಿ; ಉಸಿರಿಗೂ ಕೆಡುಕಾದೀತೆಂಬ ಸಂದೇಹ ಅದರ ಮೇಲಿನದು. ಭಾರತದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೂ 2022ರಲ್ಲಿ ಶೇ. 2ಕ್ಕೂ ಇಳಿಸಲಾಗಿದೆ. ಕಾನೂನು ಬಂದಿತೆಂದು ನಿಶ್ಚಿಂತರಾಗುವಂತಿಲ್ಲ. ಸಂತೆಯ ಬಾಣಲೆಯಲ್ಲಿ ದಿನವಿಡೀ ಕಾದು ಕಪ್ಪಾದ ಎಣ್ಣೆಯನ್ನು ಅಳೆಯಲು ಯಾವ ಅಧಿಕಾರಿಯೂ ಘಟ್ಟ ಹತ್ತಿ ಬರುವುದಿಲ್ಲ. ಅದನ್ನು ಮಕ್ಕಳಿಂದ ದೂರವಿಡಬೇಕಾದವರು ನಾವೇ.

ಇನ್ನು ಮೀನಿನ ಮಾತು. ಬಂಗುಡೆ, ಬೂತಾಯಿಗಳು ಒಮೆಗಾ-3ರ ಆಗರ. ಘಟ್ಟದ ಮೇಲಿನ ಬಡವರ ಮನೆಗೂ ಕರಾವಳಿಯಿಂದ ಬರುತ್ತಿದ್ದ ಅಗ್ಗದ ಆಹಾರವದು. ಇಂದು ಅದೇ ಬೂತಾಯಿಯ ದೊಡ್ಡ ಪಾಲು ಕರಾವಳಿಯ ಕಾರ್ಖಾನೆಗಳಲ್ಲಿ ಅರೆದು ಮೀನಿನ ಹುಡಿಯೂ ಮೀನೆಣ್ಣೆಯೂ ಆಗಿ ಹೊರಹೋಗುತ್ತಿದೆ. ಗರ್ಭಿಣಿಯ ತಟ್ಟೆಯಲ್ಲಿರಬೇಕಾದದ್ದು ಸಿಗಡಿ ಕೊಳಗಳ ಮೇವಾಗುವುದು ಬರೀ ಮೀನುಗಾರಿಕೆಯ ಪ್ರಶ್ನೆಯಲ್ಲ. ಮಕ್ಕಳ ಆರೋಗ್ಯದ ಪ್ರಶ್ನೆಯೂ ಹೌದು. ಮೀನು ತಿನ್ನದ ಮನೆಗಳಲ್ಲಿ ಅಗಸೆಯ ಚಟ್ನಿಪುಡಿಯಿದೆ, ಗೋಣಿಸೊಪ್ಪಿದೆ. ಇವುಗಳ ಒಮೆಗಾ-3 ಮೀನಿನದರಷ್ಟು ಸುಲಭವಾಗಿ ದೇಹಕ್ಕೆ ಒದಗುವುದಿಲ್ಲವಾದರೂ ಆಹಾರವಾಗಿ ಒಳ್ಳೆಯವು.

ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸದ ರೋಗಿಗಳಿಗೆ ಜೀವಂತ ಮರಿಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ವರ್ಷಕ್ಕೊಂದು ಮೀನು ನುಂಗಲು ನೂರಾರು ಮೈಲಿ ಹೋಗುವ ಹಣದಲ್ಲಿ ಬಸುರಿ ಹೆಂಗಸಿಗೆ ವಾರಕ್ಕೆರಡು ದಿನ ಬಂಗುಡೆ ಉಣ್ಣಿಸಬಹುದು. ಇನ್ನೊಂದು ತುದಿಯಲ್ಲಿ, ಕಫವಾದೀತೆಂದು ಉಬ್ಬಸದ ಮಗುವಿಗೆ ಹಾಲು, ಮೊಸರು, ತುಪ್ಪ, ಬಾಳೆಹಣ್ಣುಗಳನ್ನೆಲ್ಲ ನಿಲ್ಲಿಸುವ ರೂಢಿಯಿದೆ. ವೈದ್ಯರು ಪರೀಕ್ಷಿಸಿ ಅಲರ್ಜಿಯೆಂದು ಹೇಳದ ಹೊರತು ಬೆಳೆಯುವ ಮಗುವಿನ ಊಟ ಕಡಿಯುವುದು ಅನ್ಯಾಯ. ಎಲ್ಲಕ್ಕೂ ಮಿಗಿಲಾಗಿ, ವೈದ್ಯರು ಕೊಟ್ಟ ಇನ್ಹೇಲರನ್ನು ಯಾವ ಎಣ್ಣೆಯ ಭರವಸೆಯ ಮೇಲೂ ನಿಲ್ಲಿಸಬಾರದು. ಇನ್ಹೇಲರ್ ಚಟವಾಗುತ್ತದೆಂಬುದು ಸುಳ್ಳು. ಅದಿಲ್ಲದೆ ಮಕ್ಕಳು ಸಾಯುವುದುಂಟು.

ನಮ್ಮ ದೇಶ ಇಂದು ಬಳಸುವ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತಿದೆ. ಅದರಲ್ಲಿ ತಾಳೆ ಎಣ್ಣೆಯದೇ ಸಿಂಹಪಾಲು. ಯಾವುದೋ ದ್ವೀಪದ ಕಾಡು ಕಡಿದು ಬೆಳೆದ ಎಣ್ಣೆ ನಮ್ಮ ಮಗುವಿನ ತಟ್ಟೆಗೆ ಬರುತ್ತದೆ. ಅದು ಯಾವುದು, ಎಲ್ಲಿಯದು, ಎಷ್ಟು ಬಾರಿ ಕಾಯಿಸಿದ್ದು ಎಂದು ಕೇಳುವ ಹಕ್ಕು ತಾಯಿತಂದೆಯರಿಗಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಮಾತುಗಳನ್ನು ಎತ್ತೋಣ: ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಬಳಸುವ ಎಣ್ಣೆಯ ಹೆಸರನ್ನು ಗೋಡೆಯ ಮೇಲೆ ಬರೆಯಲಿ; ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿರಲಿ; ಅಡುಗೆಕೋಣೆಯ ಹೊಗೆ ಹೊರಹೋಗಲು ದಾರಿಯಿರಲಿ. ವಿದ್ಯಾರ್ಥಿ ಮಿತ್ರರು ತಂತಮ್ಮ ಊರಿನ ಹತ್ತು ಮನೆಗಳಲ್ಲಿ ಯಾವ ಎಣ್ಣೆ, ಯಾವ ಒಲೆ, ಯಾವ ಮಗುವಿಗೆ ಉಬ್ಬಸ ಎಂದು ಬರೆದಿಟ್ಟುಕೊಳ್ಳಲಿ. ಅದರಿಂದ ವಿಜ್ಞಾನದ ವಿವಾದ ಬಗೆಹರಿಯದು. ಆದರೆ ಯಾವ ಮಗುವಿಗೆ ಮೊದಲು ಚಿಕಿತ್ಸೆ ಸಿಗಬೇಕು, ಯಾವ ಮನೆಯ ಹೊಗೆ ಮೊದಲು ಹೊರಹೋಗಬೇಕು ಎಂಬುದು ಊರಿಗೆ ತಿಳಿಯುತ್ತದೆ.