ಗಿಡ್ಡ ಕೂಲರಿನ ವಿಚಾರ

ಮೇಜಿನ ಕೆಳಗೆ ಕಾಲಿಗೆ ತಾಗುತ್ತಿದ್ದ ಎತ್ತರದ ಕಂಪ್ಯೂಟರುಗಳ ಕಾಲವು ಮುಗಿಯುತ್ತ ಬಂದು, ಪುಸ್ತಕದ ಕಪಾಟಿನ ಒಂದು ಅಂಕಣದಲ್ಲಿಯೇ ಅಡಗಿ ಕೂರುವಂಥ ಪುಟ್ಟ ಯಂತ್ರಗಳನ್ನು, ಬಿಡಿಭಾಗಗಳನ್ನು ಕೊಂಡು ತಂದು, ತಾವೇ ಜೋಡಿಸಿಕೊಳ್ಳುವ ಹವ್ಯಾಸವು ನಮ್ಮ ತರುಣರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರು ಹಣವನ್ನು ವೆಚ್ಚಮಾಡುವ ಕ್ರಮವನ್ನು ಗಮನಿಸಿದರೆ, ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ತರುವಾಯ ಕಣ್ಣಿಗೊಪ್ಪುವ ಕ್ಯಾಬಿನೆಟ್, ಇವೆಲ್ಲ ಮುಗಿದು ಕೈಯಲ್ಲಿ ಚಿಲ್ಲರೆ ಉಳಿದರೆ ಕೂಲರ್, ಎಂಬಂತಿರುತ್ತದೆ. ಈ ಕ್ರಮವು ತಲೆಕೆಳಗಾದುದೆಂದೂ, ಸಣ್ಣ ಯಂತ್ರದ ಮಟ್ಟಿಗಾದರೂ ಕೂಲರಿನ ಎತ್ತರವೇ ಮೊದಲು ನಿಶ್ಚಯವಾಗಿ ಪ್ರೊಸೆಸರು ಅದನ್ನು ಅನುಸರಿಸತಕ್ಕದ್ದೆಂದೂ ನನ್ನ ಅಭಿಪ್ರಾಯ.

ಪ್ರೊಸೆಸರು ಹೀರಿಕೊಳ್ಳುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಉಷ್ಣವಾಗಿಯೇ ಹೊರಬೀಳುತ್ತದೆ. ಚದರ ಸೆಂಟಿಮೀಟರೊಂದೆರಡರ ವಿಸ್ತಾರದ ಸಿಲಿಕಾನಿನಲ್ಲಿ ಹುಟ್ಟುವ ಆ ತಾಪವನ್ನು ಅಲ್ಲಿಂದ ಎತ್ತಿ ದೂರ ಸಾಗಿಸುವ ಕೆಲಸವನ್ನು ಇಂದಿನ ಒಳ್ಳೆಯ ಕೂಲರುಗಳಲ್ಲಿ ಹೀಟ್ ಪೈಪ್ ಎಂಬ ತಾಮ್ರದ ನಳಿಕೆಗಳು ಮಾಡುತ್ತವೆ. ಹೊರಗಿನಿಂದ ಘನವಾದ ತಾಮ್ರದ ಸರಳಿನಂತೆ ತೋರುವ ಈ ನಳಿಕೆಯು ಒಳಗೆ ಪೊಳ್ಳು; ಗಾಳಿಯನ್ನು ಹೊರತೆಗೆದು, ಸ್ವಲ್ಪವೇ ನೀರನ್ನಿಟ್ಟು, ಎರಡು ತುದಿಗಳನ್ನೂ ಮುಚ್ಚಿರುತ್ತಾರೆ; ಒಳಮೈಗೆ ತಾಮ್ರದ ಪುಡಿಯನ್ನು ಕಾಯಿಸಿ ಕೂಡಿಸಿದ ಸಚ್ಛಿದ್ರವಾದ ಪದರವೊಂದಿರುತ್ತದೆ. ಪ್ರೊಸೆಸರಿನ ಕಡೆಯ ತುದಿಯಲ್ಲಿ ನೀರು ಆವಿಯಾಗಿ, ತಂಪಾದ ತುದಿಗೆ ಧಾವಿಸಿ, ಅಲ್ಲಿ ತನ್ನ ಉಷ್ಣವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗಿ, ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಆ ಪದರದೊಳಗಿನಿಂದ ಹಿಂದಿರುಗುತ್ತದೆ. ಜನರಲ್ ಮೋಟರ್ಸ್ ಕಂಪನಿಯ ರಿಚರ್ಡ್ ಗೌಗ್ಲರ್ 1942ರಲ್ಲಿಯೇ ಇಂಥದೊಂದು ಸಾಧನಕ್ಕೆ ಪೇಟೆಂಟ್ ಕೋರಿದ್ದನಾದರೂ ಅದು ಬಳಕೆಗೆ ಬರಲಿಲ್ಲ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಅದನ್ನು ಮತ್ತೆ ಕಂಡುಹಿಡಿದ ಮೇಲೆ ಆಕಾಶನೌಕೆಗಳಿಗೆ ಸಂದು, ಅಲ್ಲಿಂದ ನಮ್ಮ ಮೇಜಿಗೆ ಇಳಿಯಿತು.

ಇಷ್ಟು ಜಾಣತನವಿದ್ದರೂ ನಳಿಕೆಯು ತಾಪವನ್ನು ಸಾಗಿಸಬಲ್ಲದೇ ಹೊರತು ಇಲ್ಲವಾಗಿಸಲಾರದು; ಅದನ್ನು ಗಾಳಿಗೆ ಒಪ್ಪಿಸಬೇಕಾದದ್ದು ತೆಳ್ಳನೆಯ ಲೋಹದ ಫಿನ್‌ಗಳು ಹಾಗೂ ಅವುಗಳ ಮೇಲಿನ ಫ್ಯಾನು. ಸಾಮಾನ್ಯ ಗೋಪುರದಾಕಾರದ ಕೂಲರು 155ರಿಂದ 160 ಮಿಲಿಮೀಟರ್ ಎತ್ತರವಿದ್ದು, ಅದರಲ್ಲಿ ಫಿನ್‌ಗಳಿಗೆ ಯಥೇಷ್ಟ ಅವಕಾಶವಿರುತ್ತದೆ. ಗಿಡ್ಡ ಕೂಲರುಗಳ ಲೋಕದಲ್ಲಾದರೋ ಆಸ್ಟ್ರಿಯದ ನಾಕ್ಟುವಾ ಕಂಪನಿಯ ಎನ್‌ಎಚ್-ಎಲ್9ಐ ಫ್ಯಾನೂ ಸೇರಿ 37 ಮಿಲಿಮೀಟರ್. ತೈವಾನಿನ ಥರ್ಮಲ್‌ರೈಟ್ ಕಂಪನಿಯ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಸಾರುವಂತೆ 47. ನಾಕ್ಟುವಾದ್ದೇ ಆದ ಎನ್‌ಎಚ್-ಎಲ್12ಎಸ್ 70. ಎತ್ತರವನ್ನು ಕತ್ತರಿಸಿದಷ್ಟೂ ಫಿನ್‌ಗಳ ವಿಸ್ತಾರ ಕುಗ್ಗುವುದಲ್ಲದೆ, ಫ್ಯಾನಿನ ದಪ್ಪವೂ ವಾಡಿಕೆಯ 25 ಮಿಲಿಮೀಟರಿನಿಂದ 14 ಅಥವಾ 15ಕ್ಕೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಫ್ಯಾನು ಹೆಚ್ಚು ವೇಗವಾಗಿ ತಿರುಗಬೇಕು. ಎಲ್9ಐನ ಫ್ಯಾನು ನಿಮಿಷಕ್ಕೆ 2500 ಸುತ್ತುಗಳವರೆಗೆ ಹೋಗುತ್ತದೆ. ಯಾವ ಫ್ಯಾನಿನದಾಗಲಿ ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಏರುತ್ತದೆಂಬುದನ್ನು ನೆನೆದರೆ, ಚಿಕ್ಕದಾಗಿ ಕಾಣಲೆಂದು ಮೇಜಿನ ಮೇಲೆ ಕಿವಿಯ ಹತ್ತಿರವೇ ಇಟ್ಟುಕೊಂಡ ಯಂತ್ರವು ಮೇಜಿನ ಕೆಳಗಿದ್ದ ದೊಡ್ಡದಕ್ಕಿಂತ ಹೆಚ್ಚು ಕಿರುಚುವುದೇಕೆಂಬುದು ತಿಳಿಯುತ್ತದೆ.

ಎತ್ತರದ ಲೆಕ್ಕವು ಎಷ್ಟು ಬಿಗಿಯಾದುದೆಂಬುದಕ್ಕೆ ಜರ್ಮನಿಯ ಡೇನಿಯಲ್ ಹಾನ್ಸೆನ್ ರೂಪಿಸಿದ, ಈ ಹವ್ಯಾಸಿಗಳಲ್ಲಿ ಪ್ರಸಿದ್ಧವಾದ ಎ4-ಎಸ್‌ಎಫ್‌ಎಕ್ಸ್ ಎಂಬ ಕ್ಯಾಬಿನೆಟ್ಟನ್ನು ನೋಡಬಹುದು. ಒಟ್ಟು 7.2 ಲೀಟರಿನ ಆ ಪೆಟ್ಟಿಗೆಯಲ್ಲಿ ಕೂಲರಿಗೆಂದು ಬಿಟ್ಟಿರುವ ಎತ್ತರ 48 ಮಿಲಿಮೀಟರ್. ಅದರೊಳಗೆ 47ರ ಕೂಲರನ್ನು ಕೂರಿಸಿದರೆ ಫ್ಯಾನಿಗೂ ಪಕ್ಕದ ತಗಡಿಗೂ ನಡುವೆ ಉಳಿಯುವುದು ಒಂದೇ ಮಿಲಿಮೀಟರ್. ಇದು ದೋಷವೆಂದು ತೋರಬಹುದಾದರೂ ವಾಸ್ತವವಾಗಿ ಗುಣವೇ. ತಗಡಿನಲ್ಲಿ ರಂಧ್ರಗಳಿದ್ದು ಫ್ಯಾನು ಅದಕ್ಕೆ ಒತ್ತಿಕೊಂಡಿದ್ದರೆ ಹೊರಗಿನ ತಂಪು ಗಾಳಿಯೇ ನೇರವಾಗಿ ಒಳಬರುತ್ತದೆ. ನಡುವೆ ಎರಡು ಮೂರು ಸೆಂಟಿಮೀಟರ್ ಅಂತರವುಳಿದರೆ ಫ್ಯಾನು ತಾನು ಹೊರಹಾಕಿದ ಬಿಸಿಗಾಳಿಯನ್ನೇ ಬದಿಯಿಂದ ಮತ್ತೆ ಎಳೆದುಕೊಳ್ಳುತ್ತದೆ. ಆ ಅಂತರವನ್ನು ಫೋಮಿನ ಪಟ್ಟಿಯಿಂದ ಚೌಕಟ್ಟು ಕಟ್ಟಿ ಮುಚ್ಚುವವರುಂಟು. ಕೆಲವೇ ರೂಪಾಯಿಗಳ ಈ ಉಪಾಯದಿಂದ ಆಗುವ ಲಾಭವು ಪೂರ್ಣ ತಾಮ್ರದ ಕೂಲರಿಗೆ ತೆತ್ತ ಹೆಚ್ಚಿನ ಬೆಲೆಯಿಂದ ಬರುವ ಕೆಲವು ಡಿಗ್ರಿಗಳಿಗೆ ಕಡಿಮೆಯದೇನಲ್ಲ. ಬಣ್ಣದ ದೀಪ ಕಾಣಲೆಂದು ರಂಧ್ರಗಳುಳ್ಳ ತಗಡಿನ ಜಾಗದಲ್ಲಿ ಗಾಜನ್ನಿಡುವವರ ವಿಚಾರವಾಗಿ ನಾನು ಮೌನವಾಗಿರುವುದೇ ಲೇಸು.

ಇನ್ನು ವಾಟಿನ ಮಾತು. ಪೆಟ್ಟಿಗೆಯ ಮೇಲೆ ಮುದ್ರಿಸಿದ 65 ವಾಟ್ ಎಂಬ ಅಂಕಿಯನ್ನು ನಂಬಿ, 65 ವಾಟಿಗೆ ಸಾಲುವ ಕೂಲರನ್ನು ಕೊಳ್ಳುವುದು ನ್ಯಾಯವೆಂದೇ ಯಾರಿಗಾದರೂ ತೋರುತ್ತದೆ. ಆದರೆ ಎಎಂಡಿಯ ರೈಜನ್ 5 7600ಕ್ಕೆ ಹೇಳುವ 65 ವಾಟ್ ನಿಜವಾದ ದುಡಿಮೆಯ ಹೊತ್ತಿನಲ್ಲಿ 88ರವರೆಗೆ ಏರಲು ಅನುಮತಿಯುಳ್ಳದ್ದು. ಇಂಟೆಲಿನ ಕೋರ್ ಐ5-12400ರ 65, ಅಲ್ಪಕಾಲವಾದರೂ 117ನ್ನು ಮುಟ್ಟಬಲ್ಲದು. ಇಂಟೆಲ್ ಕಂಪನಿಯು ತನ್ನ ಹನ್ನೆರಡನೆಯ ತಲೆಮಾರಿನಿಂದ ತಳದ ಹಾಗೂ ಗರಿಷ್ಠದ ಅಂಕಿಗಳೆರಡನ್ನೂ ತನ್ನ ವಿವರಪಟ್ಟಿಯಲ್ಲಿ ಪ್ರಕಟಿಸುತ್ತ ಬಂದಿರುವುದು ಶ್ಲಾಘ್ಯವಾದರೂ, ಅಂಗಡಿಯ ಕಟ್ಟೆಯ ಮೇಲೆ ಇಂದಿಗೂ ಕೇಳಿಬರುವುದು ಚಿಕ್ಕ ಅಂಕಿಯೊಂದೇ. 37 ಮಿಲಿಮೀಟರಿನ ಕೂಲರಿಗೆ 88 ವಾಟ್ ಎಂಬುದು ಅಂಚಿನ ಮಾತು; 117 ಅದರ ಶಕ್ತಿಗೆ ಮೀರಿದ್ದು.

ಇದರ ಮೇಲೆ ನಮ್ಮ ಸೀಮೆಯ ಹವೆಯೊಂದಿದೆ. ಕೂಲರು ತಂಪನ್ನು ಸೃಷ್ಟಿಸುವುದಿಲ್ಲ; ಕೋಣೆಯ ಗಾಳಿಗಿಂತ ಪ್ರೊಸೆಸರು ಎಷ್ಟು ಡಿಗ್ರಿ ಮೇಲಿರಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಪರದೇಶದ ವಿಮರ್ಶಕರು ಪರೀಕ್ಷೆ ಮಾಡುವ ಕೋಣೆಗಳು ಇಪ್ಪತ್ತು ಚಿಲ್ಲರೆ ಡಿಗ್ರಿಯ ಸುಖದಲ್ಲಿರುವುವು. ಗಾಳಿಗಿಂತ 50 ಡಿಗ್ರಿ ಏರಿಸುವ ಹೊರೆಯನ್ನು ತೆಗೆದುಕೊಂಡರೆ, 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು 72ರಲ್ಲಿ ನೆಮ್ಮದಿಯಾಗಿದ್ದರೆ, ಮೇ ತಿಂಗಳಲ್ಲಿ ಹೊರಗೆ 40ನ್ನು ದಾಟುವ ಕಲಬುರಗಿಯಲ್ಲೋ ರಾಯಚೂರಿನಲ್ಲೋ, ತಾರಸಿಯ ಕೆಳಗಿನ 37 ಡಿಗ್ರಿಯ ಕೋಣೆಯಲ್ಲಿ ಅದೇ ಯಂತ್ರವು 87ಕ್ಕೆ ಹೋಗುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡು ಸುರಿಯುವ ಬಿಸಿಯು ಇದರ ಮೇಲೆ ಸೇರತಕ್ಕದ್ದು. ರೈಜನ್ 7000 ಸಾಲಿನ ಸಾಮಾನ್ಯ ಮಿತಿ 95. ಆ ಮಿತಿಯನ್ನು ಮುಟ್ಟಿದಾಗ ಏನೂ ಸುಟ್ಟುಹೋಗುವುದಿಲ್ಲ. ಪ್ರೊಸೆಸರು ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡು ಬದುಕಿಕೊಳ್ಳುತ್ತದೆ. ನಷ್ಟವಾಗುವುದು ಆ ವೇಗಕ್ಕೆಂದು ಹಣ ತೆತ್ತವನಿಗೆ.

ಆದಕಾರಣ ಸಣ್ಣ ಯಂತ್ರವನ್ನು ಬಯಸುವವನು ಪ್ರೊಸೆಸರಿನ ಮಹತ್ತ್ವಾಕಾಂಕ್ಷೆಗೆ ತಾನೇ ಕಡಿವಾಣ ಹಾಕುವುದು ವಿವೇಕವೆಂದು ನಾನು ಭಾವಿಸುತ್ತೇನೆ. ಚಿಪ್ಪಿನ ವಿದ್ಯುದ್ವ್ಯಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದಲೂ, ವೇಗದ ಕಟ್ಟಕಡೆಯ ಕೆಲವು ಮೆಗಾಹರ್ಟ್ಸ್‌ಗಳಿಗಾಗಿಯೇ ಅತ್ಯಧಿಕ ವೋಲ್ಟೇಜು ಬೇಕಾಗುವುದರಿಂದಲೂ, ಆ ತುದಿಯನ್ನು ತ್ಯಜಿಸಿದರೆ ತಾಪವು ಬಹಳವಾಗಿ ಇಳಿದು ಕೆಲಸವು ಸ್ವಲ್ಪವೇ ಕುಂದುತ್ತದೆ. 142 ವಾಟ್‌ವರೆಗೆ ಹೋಗಬಲ್ಲ ರೈಜನ್ 7 7700ಎಕ್ಸ್ ಅನ್ನು ಬಯೋಸಿನ ಇಕೋ ಮೋಡಿನಲ್ಲಿ 88ಕ್ಕೆ ನಿಲ್ಲಿಸಬಹುದು. ಇಂಟೆಲಿನಲ್ಲಿಯೂ ಪವರ್ ಲಿಮಿಟ್ ಎಂಬ ಅಂಥದೇ ವ್ಯವಸ್ಥೆಯಿದೆ. ಕೊಂಡ ಶಕ್ತಿಯನ್ನು ಕಟ್ಟಿಹಾಕುವುದೇಕೆಂದು ಕೇಳುವ ತರುಣನಿಗೆ ದೊಡ್ಡ ಕ್ಯಾಬಿನೆಟ್ಟೇ ಯೋಗ್ಯವಾದುದು. ಅದರಲ್ಲಿ ಅವಮಾನವೇನೂ ಇಲ್ಲ. ನೀರಿನ ಕೂಲರನ್ನು ಸೂಚಿಸುವವರೂ ಇದ್ದಾರೆ, ಆದರೆ ಐದಾರು ಲೀಟರಿನ ಪೆಟ್ಟಿಗೆಯಲ್ಲಿ ರೇಡಿಯೇಟರಿಗೆ ಜಾಗವೆಲ್ಲಿ?

ನನ್ನ ಮಟ್ಟಿಗೆ ಹೇಳುವುದಾದರೆ, ಬರಹ, ಲೆಕ್ಕಪತ್ರ, ಮಕ್ಕಳ ಪಾಠ ಇಷ್ಟಕ್ಕೇ ಬೇಕಾದ ಯಂತ್ರಕ್ಕೆ 37 ಮಿಲಿಮೀಟರ್ ಸಾಕು. ವಿಡಿಯೊ ಸಂಕಲನವನ್ನೋ ಭಾರಿ ಆಟಗಳನ್ನೋ ಉದ್ದೇಶಿಸುವವರು, ವಿಶೇಷವಾಗಿ ಬಿಸಿಲುಸೀಮೆಯವರು, 70 ಮಿಲಿಮೀಟರಿಗೆ ಎಡೆಗೊಡುವ ಕ್ಯಾಬಿನೆಟ್ಟನ್ನೇ ಹುಡುಕತಕ್ಕದ್ದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಕ್ಯಾಬಿನೆಟ್ಟಿನ ಎತ್ತರದ ಮಿತಿಯನ್ನೂ ಪ್ರೊಸೆಸರಿನ ಗರಿಷ್ಠ ವಾಟನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಗಲವಾದ ಕೂಲರಾದರೆ ರ‍್ಯಾಮಿನ ಎತ್ತರವನ್ನೂ ಸೇರಿಸಬೇಕು, ಏಕೆಂದರೆ ಫ್ಯಾನಿನ ಅಂಚು ರ‍್ಯಾಮಿನ ಮೇಲೆ ಚಾಚುವ ಕಡೆಯಲ್ಲಿ 31 ಮಿಲಿಮೀಟರಿನ ಸಾದಾ ರ‍್ಯಾಮು ನುಸುಳಿದರೂ, ದೀಪಗಳ ಕಿರೀಟ ಹೊತ್ತ 44ರದು ನುಸುಳದು. ಅಂಗಡಿಯವನು “ಕೂರುತ್ತೆ ಸಾರ್, ತಗೊಂಡ್ಹೋಗಿ” ಎಂದಾಗ, ಎಷ್ಟು ಮಿಲಿಮೀಟರ್ ಉಳಿಯುತ್ತದೆಂದು ಚೀಟಿ ತೆಗೆದು ಕೇಳಬೇಕು.